ತಲೆಯೊಳಗಿನ ನೀರುಚೀಲ

ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಸಕಲೇಶಪುರ, ಆಲೂರು ಗುಡ್ಡಗಳ ಕಾಫಿತೋಟಗಳೆಲ್ಲ ಬೆಳ್ಳಗಾಗುತ್ತವೆ. ಮಲ್ಲಿಗೆಯಂಥ ಆ ಕಂಪು ಕವಿಗಳಿಗೆ ಹಬ್ಬ. ನನಗೆ ಬಾಗಿಲು ಕಿಟಕಿ ಮುಚ್ಚಿ ಮಲಗುವ ಕಾಲ.

ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಮಿದುಳಿನ ಹೊದಿಕೆಯಲ್ಲಿ ತಿಳಿನೀರು ತುಂಬಿದ ಚೀಲವೊಂದು ಕಂಡಿತು. ಅರಕ್ನಾಯಿಡ್ ಸಿಸ್ಟ್ ಎಂದು ಅದರ ಹೆಸರು. ಬಹುಮಟ್ಟಿಗೆ ಹುಟ್ಟಿನೊಡನೆ ಬಂದದ್ದು. ರಿಚರ್ಡ್ ಬ್ರೈಟ್ ಎಂಬ ಆಂಗ್ಲ ವೈದ್ಯ 1831ರಲ್ಲಿಯೇ ಅದನ್ನು ವರ್ಣಿಸಿದ್ದಾನೆ. "ನಿರಪಾಯ, ನಿಶ್ಚಿಂತರಾಗಿರಿ" ಎಂದರು ವೈದ್ಯರು. ಪ್ರಾಣಕ್ಕೆ ನಿರಪಾಯ, ನಿಜ. ವಾರಕ್ಕೆ 2 ದಿನ ಪಾಠ ಬಿಟ್ಟು ಕತ್ತಲಕೋಣೆ ಸೇರುವ ಬಾಳಿಗೆ ಆ ಪದ ಒಪ್ಪುವುದೆ? ಪದದೊಡನೆ ಜಗಳವಾಡುವುದು ಕನ್ನಡ ಮೇಷ್ಟರ ಹಳೆಯ ಚಟ, ಕ್ಷಮಿಸಬೇಕು.

ಆದರೆ ಚೀಲವನ್ನೇ ಶಪಿಸುವುದೂ ಅವಸರವೇ. ಎರಡೂ ಒಂದೇ ತಲೆಯಲ್ಲಿವೆಯೆಂದ ಮಾತ್ರಕ್ಕೆ ಅದೇ ನೋವಿನ ಕಾರಣವಾಗಬೇಕಿಲ್ಲ. ಎಷ್ಟೋ ಜನರಲ್ಲಿ ಅದು ಜೀವಮಾನವಿಡೀ ಸದ್ದಿಲ್ಲದೆ ಇರುತ್ತದೆ. ಒತ್ತಡವೇರಿದಾಗ ಶಸ್ತ್ರಚಿಕಿತ್ಸೆ ಉಂಟು. ಅದರಿಂದ ತಲೆನೋವು ಹೋಗಿಯೇ ತೀರುವುದೆಂಬ ಭರವಸೆಯಿಲ್ಲ. ಎರಡನೆಯ ವೈದ್ಯರು ನನ್ನ ಮಾತನ್ನು ಅರ್ಧ ಗಂಟೆ ಕೇಳಿದರು, ನೋವಿನ ದಿನಚರಿ ಬರೆಸಿದರು. ನನ್ನದು ಬರಿಯ ಅರೆತಲೆನೋವು ಎಂದು ಗೊತ್ತಾಯಿತು, ಮಾತ್ರೆ ಬೇರೆಯಾಯಿತು.

ಕಳೆದ ಹೂಗಾಲದಲ್ಲಿ ಮಲಗಿದ್ದು 3 ದಿನ. ಚೀಲ ಇದ್ದಲ್ಲೇ ಇದೆ.