ಹೆಚ್ಚಿನ ಶುಲ್ಕ ತೆರುವ ಮುನ್ನ

ಸಾವಿರಾರು ಅಂಗಡಿಗಳ ಬಿಲ್ಲುಗಳನ್ನು ಆ ಕ್ಷಣವೇ ಕ್ಲೌಡ್ ಡೇಟಾಬೇಸ್‌ಗೆ ಸೇರಿಸುವ ಸಾಫ್ಟ್‌ವೇರ್ ಹಬ್ಬದ ಸಂಜೆ ತಡವರಿಸಿದರೆ, ದಾಸ್ತಾನಿನ ಲೆಕ್ಕವೇ ತಪ್ಪುತ್ತದೆ. ಪೂರೈಕೆದಾರರು ಆಗ ಹೆಚ್ಚಿನ ಸಾಮರ್ಥ್ಯಕ್ಕೆಂದು ಶುಲ್ಕ ಏರಿಸುತ್ತಾರೆ. ಹಣ ತೆತ್ತ ಮೇಲೂ ತೊಡಕು ಉಳಿಯುವುದುಂಟು.

ಅಮೆಜಾನ್‌ನ ಡೈನಮೋಡಿಬಿಯನ್ನೇ ನೋಡಬಹುದು. ಅಲ್ಲಿ ದಾಖಲೆಗಳು ಹಲವು ವಿಭಾಗಗಳಲ್ಲಿ ಹಂಚಿಕೆಯಾಗುತ್ತವೆ. ಒಂದು ವಿಭಾಗವು ಸೆಕೆಂಡಿಗೆ ಗರಿಷ್ಠ 1,000 ಬರಹ ಘಟಕಗಳನ್ನು ಮಾತ್ರ ಸ್ವೀಕರಿಸುತ್ತದೆ. ಬಳಸಿದಷ್ಟಕ್ಕೆ ಹಣ ತೆರುವ ಯೋಜನೆಯಲ್ಲೂ ಈ ಮಿತಿ ಸಡಿಲವಾಗದು. ಯಾವ ದಾಖಲೆ ಯಾವ ವಿಭಾಗಕ್ಕೆ ಹೋಗಬೇಕೆಂಬುದನ್ನು ಅದರ ಕೀಲಿ ನಿರ್ಧರಿಸುತ್ತದೆ. ದಿನಾಂಕವನ್ನೇ ಕೀಲಿಯಾಗಿಸಿದರೆ, ಒಂದೇ ದಿನವಹಿಯ ಮುಂದೆ ಗುಮಾಸ್ತರೆಲ್ಲರೂ ಸಾಲುಗಟ್ಟಿದಂತೆಯೇ ಸರಿ. ಪಕ್ಕದ ಪುಸ್ತಕಗಳು ಖಾಲಿ ಬಿದ್ದಿರುತ್ತವೆ. ದಿನಾಂಕದೊಡನೆ ಅಂಗಡಿಯ ಸಂಖ್ಯೆಯನ್ನೂ ಸೇರಿಸಿದರೆ ಹೊರೆ ಹಂಚಿಹೋಗುತ್ತದೆ. ಇಡೀ ದಿನದ ಒಟ್ಟು ಮೊತ್ತ ತೆಗೆಯಲು ಹಲವೆಡೆ ಓದಬೇಕಾಗುವುದು ನಿಜ. ಆದರೆ ಆ ಕೆಲಸ ರಾತ್ರಿಗೆ ಕಾಯಬಲ್ಲುದು, ಗ್ರಾಹಕ ಕಾಯಲಾರ.

ಇನ್ನೊಂದು ಲೆಕ್ಕವೂ ಇದೆ. 1 ಕಿಲೋಬೈಟ್‌ವರೆಗಿನ ದಾಖಲೆಗೆ ಒಂದು ಘಟಕ. ತುಸು ಮೀರಿದರೂ ಎರಡು. ಬಿಲ್ಲಿನೊಡನೆ ಗ್ರಾಹಕನ ಪೂರ್ಣ ವಿಳಾಸವನ್ನು ಪ್ರತಿ ಬಾರಿಯೂ ಬರೆಯುವ ಸಾಫ್ಟ್‌ವೇರ್ ಆ ಗೆರೆಯನ್ನು ದಾಟುವುದು ಸುಲಭ. ಏರಿಸಿದ ಶುಲ್ಕಕ್ಕೆ ಒಪ್ಪುವ ಮುನ್ನ ಈ ಎರಡರ ಬಗ್ಗೆಯೂ ಲಿಖಿತ ಉತ್ತರ ಪಡೆಯಲು ವ್ಯಾಪಾರಿಗಳು ಹಿಂಜರಿಯಬೇಕಾಗಿಲ್ಲ.