ಇಂಗ್ಲಿಷ್ ಪಂಚಾಯ್ತಿ

ಊರಿಗೆ ಹೋದಾಗಲೆಲ್ಲ ನಮ್ಮ ಕಾಕಾನದು ಒಂದೇ ಪ್ರಶ್ನೆ. "ಹೈದರಾಬಾದದಾಗ ವಕೀಲ ಅಂತೀ, ಕೋರ್ಟಿಗೇ ಹೋಗೂದಿಲ್ಲಂತಲ್ಲೋ ತಮ್ಮಾ?" ಆರ್ಬಿಟ್ರೇಷನ್ ಅಂದರೆ ಏನೆಂದು ನಾನು ವಿವರಿಸುತ್ತೇನೆ: ವ್ಯಾಪಾರಸ್ಥರ ಜಗಳವನ್ನು ಕೋರ್ಟಿನ ಹೊರಗೆ, ಒಪ್ಪಂದದ ಪ್ರಕಾರ ನೇಮಕವಾದ ಒಬ್ಬ ಹಿರಿಯರು ಕೇಳಿ ತೀರ್ಪು ಕೊಡುವುದು. "ಅಂದ್ರ ಪಂಚಾಯ್ತಿ ಅನ್ನು" ಅಂತಾರೆ ಕಾಕಾ. ಹೌದು, ಪಂಚಾಯ್ತಿಯೇ. ಆದರೆ ಊರ ಪಂಚಾಯ್ತಿಯಲ್ಲಿ ಇಬ್ಬರಿಗೂ ತಿಳಿಯುವ ಮಾತಿರುತ್ತದೆ. ನನ್ನ ಪಂಚಾಯ್ತಿಯಲ್ಲಿ ಅದಿಲ್ಲ. ಇಲ್ಲದಂತೆ ಮಾಡಿದವರಲ್ಲಿ ನಾನೂ ಒಬ್ಬ.

2017ರ ಮಾತು. ರಾಯಚೂರಿನ ಒಬ್ಬ ಜಿನ್ನಿಂಗ್ ಮಿಲ್ ಮಾಲೀಕರು ಇಲ್ಲಿನ ಕಂಪನಿಯೊಂದರಿಂದ ಯಂತ್ರ ಕೊಂಡಿದ್ದರು. ಯಂತ್ರ ಸರಿ ಇಲ್ಲವೆಂದು 4,80,000 ರೂಪಾಯಿ ಬಾಕಿ ತಡೆದರು. ನಾನು ಕಂಪನಿಯ ವಕೀಲ. ಒಪ್ಪಂದದಲ್ಲಿ ವಿಚಾರಣೆಯ ಸ್ಥಳ ಹೈದರಾಬಾದ್, ಭಾಷೆ ಇಂಗ್ಲಿಷ್, ಪಂಚರನ್ನು ನೇಮಿಸುವವರು ಕಂಪನಿಯವರು. ಆ ಕರಡು ಬರೆದವನೂ ನಾನೇ. ಅವರು ವಕೀಲರನ್ನು ಇಟ್ಟಿರಲಿಲ್ಲ, ಮಗನನ್ನು ಕರೆತಂದಿದ್ದರು. ಮಧ್ಯಾಹ್ನ ಚಹಾ ಕುಡಿಯುವಾಗ ನನ್ನ ಫೋನಿನ ಕನ್ನಡ ಅವರ ಕಿವಿಗೆ ಬಿತ್ತು. "ಸಾಹೇಬ್ರ, ನೀವು ನಮ್ಮ ಕಡಿಯವ್ರೇನ್ರಿ? ಮುಂಜಾನಿಂದ ಏನು ನಡದೈತಿ, ಸ್ವಲ್ಪ ಹೇಳ್ರಿ." ಎದುರು ಪಕ್ಷದ ವಕೀಲ ಹೇಳುವಂತಿಲ್ಲ, ಹೇಳಲಿಲ್ಲ. ನಿಯಮ ಪಾಲಿಸಿದೆ ಸ್ವಾಮಿ, ಆದರೆ ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ತೀರ್ಪು ನಮ್ಮ ಕಡೆ ಆಯಿತು.

ಪಂಚರ ಫೀ ಬೇರೆ. ಕಾಯ್ದೆಯ ನಾಲ್ಕನೇ ಅನುಸೂಚಿಯ ಮಾದರಿ ದರ ಹಿಡಿದರೆ 5 ಲಕ್ಷದವರೆಗಿನ ಜಗಳಕ್ಕೆ 45,000 ರೂಪಾಯಿ. ಪಂಚರು ಒಬ್ಬರೇ ಆದರೆ ಅದರ ಮೇಲೆ ಶೇ. 25. ಒಟ್ಟು 56,250. ತನಗೆ ತಿಳಿಯದ ಮಾತು ಕೇಳುತ್ತ ಕೂರಲು ಮನುಷ್ಯ ಅದರಲ್ಲಿ ಅರ್ಧ ತೆರಬೇಕು!

"ಕಾಯ್ದೆಯೇ ಹಾಗಲ್ಲವೇ" ಅನ್ನುವ ವಕೀಲ ಮಿತ್ರರಿಗೆ ನನ್ನ ತಕರಾರು ಇರುವುದೇ ಇಲ್ಲಿ. ಕಾಯ್ದೆ ಹಾಗಿಲ್ಲ. 1996ರ ಆರ್ಬಿಟ್ರೇಷನ್ ಕಾಯ್ದೆಯ 22ನೇ ಕಲಂ ಓದಿ ನೋಡಿ, ಯಾವ ಭಾಷೆಯಲ್ಲಿ ವಿಚಾರಣೆ ನಡೆಯಬೇಕೆಂದು ಎರಡೂ ಕಡೆಯವರು ಒಪ್ಪಿಕೊಳ್ಳಬಹುದು. 20ನೇ ಕಲಂ ಸ್ಥಳದ ಬಗ್ಗೆಯೂ ಅದನ್ನೇ ಹೇಳುತ್ತದೆ. ಹೈಕೋರ್ಟಿನಲ್ಲಾದರೆ ಸಂವಿಧಾನದ 348ನೇ ವಿಧಿಯ ಇಂಗ್ಲಿಷ್ ಇದೆ, ನೆಪಕ್ಕೆ ಸಾಕು. ಪಂಚಾಯ್ತಿಗೆ ಆ ನೆಪವೂ ಇಲ್ಲ. ರಾಯಚೂರಿನಲ್ಲಿ ಕೂತು ಕನ್ನಡದಲ್ಲಿ ಜಗಳ ತೀರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಬೇಕಾದದ್ದು ಒಪ್ಪಂದದಲ್ಲಿ ಒಂದು ಸಾಲು. ಆ ಸಾಲು ಬರೆಯುವವರು ನಾವು, ಬರೆಯುವುದಿಲ್ಲ. ಹಳೆಯ ಕಡತದಿಂದ ನಕಲು ತೆಗೆದು ಅಂಟಿಸುತ್ತೇವೆ. ಇಂಗ್ಲಿಷ್ ಇದ್ದರೆ ವಕೀಲ ಬೇಕೇ ಬೇಕು, ಅದೂ ನಮಗೆ ಗೊತ್ತು.

ಪಂಚರನ್ನು ಒಂದು ಕಡೆಯವರೇ ನೇಮಿಸುವ ಪದ್ಧತಿಗೆ 2019ರಲ್ಲಿ ಪರ್ಕಿನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. ಭಾಷೆಯ ವಿಷಯ ಎತ್ತಿಕೊಂಡು ಯಾರಾದರೂ ಅಲ್ಲಿಯವರೆಗೆ ಹೋಗಿದ್ದನ್ನು ನಾನಂತೂ ಕಂಡಿಲ್ಲ.

ಮೂಸಿ ದಂಡೆಯ ಹೈಕೋರ್ಟ್ ಕಟ್ಟಡ 1920ರದು. ನಮ್ಮ ಅಜ್ಜ ಜಮೀನಿನ ತಕರಾರಿಗೆ ಅಲ್ಲಿಗೆ ಬರುತ್ತಿದ್ದರಂತೆ. ಆಗ ರಾಯಚೂರು ನಿಜಾಮರದು, ಕಾಗದವೆಲ್ಲ ಉರ್ದು. ಮುನ್ಷಿ ಓದಿ ಹೇಳಿದ್ದನ್ನು ನಂಬಿ ಅಜ್ಜ ಹೆಬ್ಬೆಟ್ಟು ಒತ್ತುತ್ತಿದ್ದರು. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಹೈದರಾಬಾದಿನ ಕೋರ್ಟು ತಪ್ಪಿತು. ಈಗ ರಾಯಚೂರಿನವರನ್ನು ಮತ್ತೆ ಹೈದರಾಬಾದಿಗೆ ಎಳೆತಂದಿದ್ದೇವೆ. ಮುನ್ಷಿಯ ಜಾಗದಲ್ಲಿ ನಾನಿದ್ದೇನೆ. ಮುನ್ಷಿಯಾದರೂ ಓದಿ ಹೇಳುತ್ತಿದ್ದ.

2021ರ ಡಿಸೆಂಬರಿನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಇಲ್ಲಿ ಅಂತಾರಾಷ್ಟ್ರೀಯ ಆರ್ಬಿಟ್ರೇಷನ್ ಕೇಂದ್ರ ಉದ್ಘಾಟಿಸಿದರು. ಸಿಂಗಪುರಕ್ಕೆ, ಲಂಡನ್ನಿಗೆ ಓಡಬೇಕಿಲ್ಲ, ನಮ್ಮೂರಲ್ಲೇ ಆಗಲಿ ಎಂಬ ಮಾತು ಕೇಳಿ ಖುಷಿಪಟ್ಟೆ. ಸಿಂಗಪುರ ದೂರ ಅನ್ನುವ ನಾವು ರಾಯಚೂರಿಗೆ ಹೈದರಾಬಾದ್ ದೂರ ಅನ್ನುವುದನ್ನು ಮರೆತಿದ್ದೇವೆ.

ಕನ್ನಡ ಬಲ್ಲ ಪಂಚರು ಸಿಗುವುದಿಲ್ಲವಂತೆ. ಕಲಬುರಗಿ, ರಾಯಚೂರುಗಳಲ್ಲಿ ನಿವೃತ್ತ ನ್ಯಾಯಾಧೀಶರಿಗೇನು ಬರವೇ? ಕಾಯ್ದೆಯ ಪದಗಳಿಲ್ಲವಂತೆ. ದಾವೆ, ಬಾಕಿ, ಜಾಮೀನು, ಕರಾರು ಇವೆಲ್ಲ ಏನು? ಕೆಳ ಕೋರ್ಟುಗಳಲ್ಲಿ ದಿನಾ ಓಡಾಡುವ ಪದಗಳೇ.

ನವೆಂಬರಿನಲ್ಲಿ ಶಾಲು ಹೊದ್ದು ರಾಜ್ಯೋತ್ಸವದ ವೇದಿಕೆಯಲ್ಲಿ ಕೂರುವ ನಮ್ಮ ಹೈದರಾಬಾದ್ ಕನ್ನಡಿಗ ವಕೀಲರು, ಲೆಕ್ಕಿಗರು, ಕಂಪನಿ ಕಾರ್ಯದರ್ಶಿಗಳು ಮಾರನೇ ದಿನ ಯಾವ ಕರಾರಿಗೆ ಸಹಿ ಹಾಕಿಸುತ್ತಾರೆ? ನನ್ನ ಕೊರಳಲ್ಲೂ ಆ ಶಾಲು ಬಿದ್ದಿದೆ, ಅದಕ್ಕೇ ಕೇಳುತ್ತಿದ್ದೇನೆ.

ಹೋದ ವರ್ಷದಿಂದ ಕರ್ನಾಟಕದ ಸಣ್ಣ ಗಿರಾಕಿಗಳ ಕರಡಿನಲ್ಲಿ "ವಿಚಾರಣೆಯ ಭಾಷೆ ಕನ್ನಡ" ಅಂತ ಬರೆಯುತ್ತಿದ್ದೇನೆ. ಕಂಪನಿಯವರು ಆರು ಸಲ ಅದನ್ನು ಹೊಡೆದು ಹಾಕಿ ವಾಪಸು ಕಳಿಸಿದರು. ಏಳನೆಯದು ಲಿಂಗಸುಗೂರಿನ ಒಬ್ಬ ಗೊಬ್ಬರದ ಅಂಗಡಿಯವರದು, ಇನ್ನೂ ಮರಳಿ ಬಂದಿಲ್ಲ.