ಗುಂಯ್ ಶಬ್ದಕ್ಕೆ ಪಿನ್ ಮುರಿಯಬೇಡಿ

ಮನೆಯಲ್ಲೇ ನಾತ್, ಭಾಷಣ ರೆಕಾರ್ಡ್ ಮಾಡುವವರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದಾರೆ. ದನಿಯ ಹಿಂದೆ ‘ಗುಂಯ್’ ಎಂದು ಕೇಳಿಸಿದರೆ ಗೆಳೆಯರು ಕೊಡುವ ಸಲಹೆ ಒಂದೇ: ಲ್ಯಾಪ್‌ಟಾಪ್ ಚಾರ್ಜರಿನ ಮೂರನೇ ಪಿನ್ ಮುರಿದುಬಿಡು. ಶಬ್ದ ನಿಲ್ಲಲೂಬಹುದು. ಆದರೆ ಆ ದಪ್ಪ ಪಿನ್ ಇರುವುದೇ ಸೋರಿದ ಕರೆಂಟ್ ನಮ್ಮ ಮೈಗೆ ಬರದೆ ನೆಲಕ್ಕೆ ಹೋಗಲಿ ಎಂದು. 230 ವೋಲ್ಟ್ ಜೊತೆ ಇಂಥ ಜುಗಾಡ್ ಬೇಡ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಕಾಮರ್ಸ್‌ನವರು ಒಂದೊಂದೇ ಲೆಕ್ಕ ನೋಡುತ್ತೇವಲ್ಲ, ಇಲ್ಲೂ ಹಾಗೆಯೇ. ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ. ಶಬ್ದ ಹೋದರೆ ದೋಷ ಚಾರ್ಜರ್ ಅಥವಾ ಅರ್ಥಿಂಗ್ ಕಡೆಯದು. ಹೋಗದಿದ್ದರೆ ಮೈಕಿನ ವೈರನ್ನು ಕರೆಂಟ್ ವೈರಿನಿಂದ ದೂರ ಸರಿಸಿ, ಆಮೇಲೆ ಬೇರೆ ವೈರ್ ಹಾಕಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸಾಫ್ಟ್‌ವೇರಿನಲ್ಲಿ ಶಬ್ದ ಅಳಿಸುವುದು ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿದಂತೆ. ದೋಷ ಇದ್ದಲ್ಲೇ ಇರುತ್ತದೆ.

ಆಳಂದ, ಜೇವರ್ಗಿ ಕಡೆಯ ಹಳೇ ಮನೆಗಳ ಬೋರ್ಡಿನಲ್ಲಿ ಮೂರು ತೂತಿದ್ದರೂ ಒಳಗೆ ಅರ್ಥ್ ವೈರ್ ಇರುತ್ತದೆ ಎಂಬ ಖಾತ್ರಿ ಇಲ್ಲ. ಇದ್ದ ಅರ್ಥಿಂಗ್ ಗುಂಡಿಯೂ ನಮ್ಮ ಬೇಸಿಗೆಗೆ ಒಣಗುತ್ತದೆ. ಒಣಮಣ್ಣಿಗೆ ಕರೆಂಟ್ ಸರಿಯಾಗಿ ಇಳಿಯದು, ನೀರು ಹಾಕಬೇಕು. ಹೊಸ ಮೈಕಿಗೆ ದುಡ್ಡು ಕೂಡಿಡುವ ಮೊದಲು ವೈರ್‌ಮನ್ ಕರೆಸಿ ಇದನ್ನು ನೋಡಿಸಿ. ಮೈಕ್ ಮುಟ್ಟಿದಾಗ ಕೈ ‘ಜುಂ’ ಎಂದರೆ ಅಂದೇ ಕರೆಸಿ.